ಪ್ರೊಫೆಸರ್ ಮಾಡಿದ ಗಡಿಗೆ

ಕೆಲವರ ಜಾತಕದಲ್ಲಿ ನೀರಿನ ಗಂಡಾಂತರ ಇರುತ್ತದೆ, ಕೆಲವರಿಗೆ ಬೆಂಕಿಯದು. ನನಗಿರುವುದು ಮಣ್ಣಿನ ಗಂಡಾಂತರ. ಜಾತಕ ಬರೆದವರು ಯಾಕೋ ಅದನ್ನು ಮುಚ್ಚಿಟ್ಟರು. ಗದಗಿನ ಒಂದು ಕಾಲೇಜಿನಲ್ಲಿ ಇಪ್ಪತ್ತು ವರ್ಷದಿಂದ ಇತಿಹಾಸ ಕಲಿಸುತ್ತೇನೆ. ಹಳೆಯ ಮಡಕೆಗಳು ನನ್ನ ಮೆಚ್ಚಿನ ವಿಷಯ. ರಾಜರನ್ನೆಲ್ಲ ಒಂದು ಗಂಟೆಯಲ್ಲಿ ಮುಗಿಸಿ, ಮಡಕೆಯ ಪಾಠಕ್ಕೆ ಒಂದು ವಾರ ತೆಗೆದುಕೊಳ್ಳುವ ಮನುಷ್ಯ ನಾನು. ಇಷ್ಟು ಪ್ರೀತಿ ಇಟ್ಟರೂ ಮಣ್ಣು ಒಂದು ಸಲವಾದರೂ ನನ್ನ ಮರ್ಯಾದೆ ಕಾಯಲಿಲ್ಲ. ಒಂದು ಪ್ರಸಂಗ ಮುಗಿಯಿತು, ಇನ್ನಾದರೂ ಬುದ್ಧಿ ಬಂತು ಎಂದುಕೊಳ್ಳುವಷ್ಟರಲ್ಲಿ ಇನ್ನೊಂದು ಬಾಗಿಲಿಗೆ ಬಂದು ನಿಂತಿರುತ್ತದೆ. ಮಗಳ ಮದುವೆಯ ವರ್ಷವಂತೂ ಅವು ಸಾಲುಗಟ್ಟಿ ಬಂದವು.

ಎರಡು ಸಾವಿರ ವರ್ಷದ ಚೂರು

ಲಕ್ಷ್ಮೇಶ್ವರದ ಗೆಳೆಯರ ಮನೆಗೆ ಹೋದಾಗ ಊರ ಹೊರಗೆ ಒಂದು ಹೊಲದ ಬದುವಿನಲ್ಲಿ ಮಡಕೆಯ ಚೂರು ಸಿಕ್ಕಿತು. ಒಳಗೆ ಕಪ್ಪು, ಹೊರಗೆ ಕೆಂಪು. ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದೆ. ಒಳಗೆ ಕಪ್ಪು, ಹೊರಗೆ ಕೆಂಪು ಇರುವ ಮಡಕೆ ಎಂದರೆ ಕಬ್ಬಿಣ ಕಂಡುಕೊಂಡ ಕಾಲದ ಜನರದು ಎಂದು ವರ್ಷ ವರ್ಷವೂ ಬೋರ್ಡಿನ ಮೇಲೆ ಬರೆಯುವವನೇ ನಾನು. ಚೂರನ್ನು ಕರವಸ್ತ್ರದಲ್ಲಿ ಸುತ್ತಿ, ಬಸ್ಸಿನಲ್ಲಿ ಮಗುವಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ತಂದೆ.

ಮರುದಿನ ತರಗತಿಯಲ್ಲಿ ಅದನ್ನು ಮೇಲೆತ್ತಿ ತೋರಿಸಿದೆ. "ಇದನ್ನು ಮುಟ್ಟಿದ ಕೈ ಮಣ್ಣಾಗಿ ಎರಡು ಸಾವಿರ ವರ್ಷವಾದರೂ ಆಗಿದೆ" ಎಂದೆ. ಧ್ವನಿ ಸ್ವಲ್ಪ ನಡುಗಿತು, ಬೇಕೆಂದೇ ನಡುಗಿಸಿದ್ದೆ. ಚೂರು ಕೈಯಿಂದ ಕೈಗೆ ಹೋಯಿತು. ಕೊನೆಯ ಬೆಂಚಿನ ಹುಡುಗಿಯೊಬ್ಬಳು ಅದನ್ನು ತಿರುಗಿಸಿ ಮುರುಗಿಸಿ ನೋಡಿ ಎದ್ದು ನಿಂತಳು.

"ಸರ, ಇದು ಅಗ್ಗಿಷ್ಟಿಗಿ ರೀ. ಬಾಣಂತ್ಯಾರಿಗೆ ಕಾಸಾಕ ಕೆಂಡ ಹಾಕತಾರಲ್ರಿ, ಅದು. ಕೆಂಡದ ಹೊಗಿಗೆ ಒಳಗ ಕರ್ರಗಾಗೇತಿ."

"ಹೆಂಗ ಹೇಳತಿ?"

"ಅಂಚಿಗೆ ಹಿಂಗ ಎರಡು ಚಿವುಟು ಹಾಕೋದು ನಮ್ಮ ಅಜ್ಜ ಒಬ್ಬನ ರೀ. ಲಕ್ಷ್ಮೇಶ್ವರದ ಸಂತಿಗೆ ಆಂವನ ಒಯ್ದು ಮಾರತಾನ."

ನಾನು ಗಂಭೀರವಾಗಿಯೇ ಕೇಳಿದೆ, "ನಿಮ್ಮ ಅಜ್ಜಗ ಈಗ ವಯಸ್ಸೆಷ್ಟು?"

"ಎಪ್ಪತ್ತೆರಡು ರೀ ಸರ. ಗಟ್ಟಿ ಅದಾನ್ರಿ."

ಅಂದರೆ ನನ್ನ ಅಂದಾಜು ಸ್ವಲ್ಪ ಹೆಚ್ಚಾಗಿತ್ತು.

ಬಾಯಿಯಿಂದ ಮಾಡಿದ ಗಡಿಗೆ

ಅದೇ ತಿಂಗಳು ಮುಂಡರಗಿಯಿಂದ ಬೀಗರು ಮಾತುಕತೆಗೆ ಬಂದರು. ಅವರ ಜೊತೆ ವರನ ಅಜ್ಜಿಯೂ ಬಂದಿದ್ದರು. ಮಾತು ಕಡಿಮೆ, ಕಣ್ಣು ಚುರುಕು. ಮಂಟಪ, ಊಟ, ವಾದ್ಯ ಎಲ್ಲ ಮುಗಿದ ಮೇಲೆ ಐರಾಣಿಯ ಮಾತು ಬಂತು.

ಐರಾಣಿ ಇಲ್ಲದೆ ನಮ್ಮ ಮನೆತನದಲ್ಲಿ ಮದುವೆ ಆಗುವುದಿಲ್ಲ. ಸುಣ್ಣ ಬಳಿದು, ಕೆಮ್ಮಣ್ಣಿನ ಚಿತ್ತಾರ ಬರೆದ ಐದು ಹೊಸ ಗಡಿಗೆಗಳನ್ನು ಕುಂಬಾರರ ಮನೆಯಲ್ಲಿ ಪೂಜೆ ಮಾಡಿ, ಹೆಣ್ಣುಮಕ್ಕಳು ತಲೆಯ ಮೇಲೆ ಹೊತ್ತು, ವಾದ್ಯದ ಜೊತೆ ಮದುವೆ ಮನೆಗೆ ತರುತ್ತಾರೆ. ದಾರಿಯಲ್ಲಿ ನೆಲಕ್ಕೆ ಇಡುವಂತಿಲ್ಲ. ಮನೆಗೆ ಬಂದ ಮೇಲೆ ನೀರು ತುಂಬಿ ದೇವರ ಮುಂದೆ ಇಡುತ್ತಾರೆ. ಮದುವೆ ಮುಗಿಯುವ ತನಕ ಅವು ಸೋರಬಾರದು. ಸೋರಿದರೆ ಹಿರಿಯರ ಮುಖ ಸಣ್ಣದಾಗುತ್ತದೆ.

"ಗಡಿಗಿ ಯಾರಿಗೆ ಹೇಳೀರಿ?" ಎಂದು ಬೀಗರು ಕೇಳಿದರು.

ಆ ಹೊತ್ತಿಗೆ ನಾನು ಮಡಕೆಯ ಚರಿತ್ರೆಯನ್ನು ಮುಕ್ಕಾಲು ಗಂಟೆ ಹೇಳಿ ಮುಗಿಸಿದ್ದೆ. ಕುಂಬಾರರ ತಿಗರಿ ಹುಟ್ಟುವ ಮೊದಲು ಹೆಂಗಸರು ಕೈಯಿಂದಲೇ ಹೇಗೆ ಮಡಕೆ ಕಟ್ಟುತ್ತಿದ್ದರು ಎಂಬಲ್ಲಿಗೆ ಬಂದಾಗ ಬೀಗರು ತಲೆದೂಗಿದ್ದರು. ಅವರು ತೂಕಡಿಸುತ್ತಿದ್ದರೆಂದು ಹೆಂಡತಿ ಆಮೇಲೆ ಹೇಳಿದಳು. ಆ ತಲೆದೂಗಾಟದ ಅಮಲಿನಲ್ಲಿ ನನ್ನ ಬಾಯಿಂದ ಬಂದುಬಿಟ್ಟಿತು, "ನಾಲ್ಕು ಕುಂಬಾರಗ ಹೇಳತೀನ್ರಿ. ಐದರಾಗ ಒಂದು ಗಡಿಗಿ ನಾನ ನನ್ನ ಕೈಯಾರೆ ಮಾಡ್ತೀನಿ."

ಅಜ್ಜಿ ಮೊದಲ ಸಲ ಬಾಯಿ ಬಿಟ್ಟರು. "ನಿಮಗ ಬರತೈತೇನ್ರಿ?"

"ಇಪ್ಪತ್ತು ವರ್ಷ ಪಾಠ ಮಾಡೀನ್ರಿ, ಅಜ್ಜ್ಯಾರ."

"ಪಾಠಲ್ರಿ. ಗಡಿಗಿ ಮಾಡೀರೇನು?"

ಹೆಂಡತಿ ಒಳಗಿನಿಂದ ಕೆಮ್ಮಿದಳು. ಆದರೆ ಮಗಳು ಬಾಗಿಲ ಮರೆಯಿಂದ ಈಚೆ ಬಂದು, "ಖರೇನ ಮಾಡ್ತೀರೇನಪ್ಪಾ? ನನಗ ಅದ ಬೇಕು ನೋಡ್ರಿ" ಎಂದಳು. ಅವಳ ಮುಖ ಅರಳಿತ್ತು. ಹುಟ್ಟಿದಾಗಿನಿಂದ ಅವಳಿಗೆ ನಾನು ಕೊಟ್ಟದ್ದೆಲ್ಲ ಅಂಗಡಿಯದು. ಕೈಯಿಂದ ಮಾಡಿದ್ದು ಒಂದೂ ಇರಲಿಲ್ಲ. ಅಷ್ಟು ಮಂದಿಯ ಎದುರು ಇನ್ನು ಹಿಂದೆ ಸರಿಯುವಂತಿರಲಿಲ್ಲ, ಅವಳ ಎದುರು ಸರಿಯಲು ಮನಸ್ಸೂ ಬರಲಿಲ್ಲ.

ಬೀಗರು ಹೊರಟ ಮೇಲೆ ಹೆಂಡತಿ ಹೇಳಿದಳು, "ಐದರಾಗ ಒಂದು ಅಂದ್ರಲ್ಲ, ಅಷ್ಟರ ಬುದ್ಧಿ ಇತ್ತಲ್ಲ ನಿಮಗ. ನಾಲ್ಕರ ನೆಟ್ಟಗ ಬರತಾವು."

ಶಿರಹಟ್ಟಿ ಮಣ್ಣು

ಕೊನೆಯ ಬೆಂಚಿನ ಹುಡುಗಿ ತನ್ನ ಅಜ್ಜನ ಹತ್ತಿರ ನನ್ನನ್ನು ಕರೆದುಕೊಂಡು ಹೋದಳು. ಮನೆ ಗದಗಿಗೆ ಅಂಟಿಕೊಂಡ ಬೆಟಗೇರಿಯಲ್ಲಿಯೇ, ನಮ್ಮ ಮನೆಯಿಂದ ನಾಲ್ಕು ಓಣಿ ದೂರ. ಇಪ್ಪತ್ತು ವರ್ಷ ಮಡಕೆ ಹುಡುಕಿಕೊಂಡು ಊರೂರು ತಿರುಗಿದವನಿಗೆ ನಾಲ್ಕು ಓಣಿ ಆಚೆ ಕುಂಬಾರನಿರುವುದು ಗೊತ್ತಿರಲಿಲ್ಲ.

ಅಜ್ಜ ನನ್ನ ಕೈ ಹಿಡಿದು ಅಂಗೈ ಮುಟ್ಟಿ ನೋಡಿದ. "ಭಾಳ ಮೆತ್ತಗದಾವು" ಎಂದ. ಹೊಗಳಿದನೆಂದು ತಿಳಿದು ಥ್ಯಾಂಕ್ಸ್ ಹೇಳಿದೆ. ಶಿರಹಟ್ಟಿ ಕಡೆಯ ಒಂದು ಕೆರೆಯ ಮಣ್ಣು ಚಲೋ, ಮುಂದಿನ ವಾರ ಟ್ರ್ಯಾಕ್ಟರ್ ತರಿಸುತ್ತೇನೆ ಎಂದ. ನನಗೆ ವಾರ ಕಾಯುವ ತಾಳ್ಮೆ ಇರಲಿಲ್ಲ. ನಮ್ಮ ಅಕ್ಕನನ್ನು ಕೊಟ್ಟದ್ದು ಶಿರಹಟ್ಟಿಗೇ. ಭಾನುವಾರ ಹೋಗಿ, ಅಕ್ಕನ ಕೈಯಲ್ಲಿ ಮಂಕರಿ ಕೊಟ್ಟು, ಬತ್ತಿದ ಕೆರೆಯಿಂದ ಒಂದು ಚೀಲ ಮಣ್ಣು ತುಂಬಿಸಿಕೊಂಡು ಬಸ್ಸು ಹತ್ತಿದೆ.

"ಚೀಲದಾಗ ಏನೈತ್ರಿ?" ಎಂದ ಕಂಡಕ್ಟರ್.

"ಮಣ್ಣು."

"ಗದಗದಾಗ ಮಣ್ಣ ತೀರೇತೇನ್ರಿ?"

"ಇದು ಬ್ಯಾರೆ. ಮಗಳ ಮದವಿಗೆ ಬೇಕಾಗೇತಿ."

ಇಷ್ಟು ಸಾಕಾಯಿತು. ಮುಂದಿನ ಸೀಟಿನ ಮುದುಕಿ ತಿರುಗಿ, "ಶಿರಹಟ್ಟಿ ಮಠದ ಮಣ್ಣೇನೋ ಯಪ್ಪಾ?" ಎಂದಳು. "ಅಲ್ಲ ಬೇ, ಕೆರಿ ಮಣ್ಣು" ಎಂದೆ. "ದೊಡ್ಡವರು ಹಂಗ ಅಂತಾರ, ಬಾಯಿಬಿಟ್ಟು ಹೇಳಂಗಿಲ್ಲ" ಎಂದು ಚೀಲಕ್ಕೆ ಕೈಹಾಕಿ ಹಣೆಗೆ ಹಚ್ಚಿಕೊಂಡಳು. ಇನ್ನೊಂದು ಚಿಟಿಕೆ ಸೆರಗಿಗೆ ಕಟ್ಟಿಕೊಂಡಳು. ಪಕ್ಕದಲ್ಲಿದ್ದ ಬಟ್ಟೆ ವ್ಯಾಪಾರದ ಸಾಹೇಬರು ಕಾಗದದ ಚೂರು ಹುಡುಕಿದರು. "ಸೊಸಿ ಹಡ್ಯಾಕ ಹೋಗ್ಯಾಳ್ರಿ, ಒಂದೀಟು ಕೊಡ್ರಿ." ಅದು ಬರೀ ಕೆರೆ ಮಣ್ಣು ಎಂದು ನಾನು ಎದ್ದು ನಿಂತು ಹೇಳಿದಷ್ಟೂ ಜನರ ಭಕ್ತಿ ಹೆಚ್ಚಾಯಿತು. ನಿಂತವರು ಕುಳಿತವರ ತಲೆಯ ಮೇಲಿಂದ ಕೈ ಚಾಚಿದರು. ಡ್ರೈವರ್ ಕೂಡ ಒಂದು ಹಳ್ಳಿಯಲ್ಲಿ ಬಸ್ಸು ನಿಲ್ಲಿಸಿ ಹಿಂದೆ ಬಂದು ಹೋದ.

ಗದಗಿನಲ್ಲಿ ಇಳಿಯುವಾಗ ಚೀಲ ಅರ್ಧಕ್ಕೆ ಬಂದಿತ್ತು. ಕಂಡಕ್ಟರ್ ಚೀಲ ಇಳಿಸಲು ಕೈಜೋಡಿಸಿದ. ಆಮೇಲೆ ತಗ್ಗಿದ ಧ್ವನಿಯಲ್ಲಿ, "ಹತ್ತೋ ಮುಂದ ಚಾಷ್ಟಿ ಮಾಡಿದ್ನಿರಿ, ತಪ್ಪಾತು. ನಂದೊಂದು ಚಿಟಿಕಿ ಕೊಟ್ಟು ಹೋಗ್ರಿ" ಎಂದ.

ನೌಕರಿ ಹೋದ ಸುದ್ದಿ

ಮಣ್ಣನ್ನು ನೆನೆಹಾಕಿ, ಸೋಸಿದ ಬೂದಿ ಮತ್ತು ಲದ್ದಿ ಕಲಸಿ, ಅಜ್ಜ ನನಗೆ ತುಳಿಯಲು ಹೇಳಿದ. ನಾನು ವಹಿ, ಪೆನ್ನು ತೆಗೆದೆ. "ಬೂದಿ ಎಷ್ಟು ಭಾಗ, ಲದ್ದಿ ಎಷ್ಟು ಭಾಗ?"

"ಕಾಲಿಗೆ ಗೊತ್ತಾಕ್ಕೈತ್ರಿ. ತುಳೀರಿ."

ಪ್ಯಾಂಟು ಮೊಣಕಾಲಿಗೆ ಏರಿಸಿ, ಓಣಿಯ ಬದಿಗೇ ಇದ್ದ ಅಂಗಳದಲ್ಲಿ ಇಳಿದೆ. ಹತ್ತು ನಿಮಿಷಕ್ಕೆ ಬೆವರು ಕಿತ್ತುಕೊಂಡು ಬಂತು. ಅರ್ಧ ಗಂಟೆಗೆ ನನ್ನ ಕಾಲು ನನ್ನದಲ್ಲ ಅನ್ನಿಸಿತು. ಆ ಹೊತ್ತಿಗೆ ಸರಿಯಾಗಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೈಕಿನಲ್ಲಿ ಬಂದ. ನನ್ನನ್ನು ನೋಡಿದ, ನಮಸ್ಕಾರ ಮಾಡಲೋ ಬೇಡವೋ ಎಂದು ಒಂದು ಕ್ಷಣ ಯೋಚಿಸಿದ. ಕೊನೆಗೆ ನೋಡದವನ ಹಾಗೆ ಮುಖ ತಿರುಗಿಸಿ ಹೋದ. ಅವನ ಮರ್ಯಾದೆ ದೊಡ್ಡದು.

ಸಂಜೆಯೊಳಗೆ ಪ್ರಿನ್ಸಿಪಾಲರ ಫೋನು ಬಂತು.

"ಸರ, ನಿಮ್ಮ ಮ್ಯಾಲೆ ಏನರ ತನಿಖಿ ನಡದೈತೇನ್ರಿ? ನನಗರ ತಿಳಸಬೇಕಿತ್ತು."

"ಯಾಕ್ರಿ?"

"ನಿಮ್ಮನ್ನ ಕಾಲೇಜಿನಿಂದ ತೆಗದಾರ, ಕುಂಬಾರ ಓಣ್ಯಾಗ ಮಣ್ಣ ತುಳ್ಯಾಕ ಹೋಗತಾರ ಅಂತ ಹಳೇ ವಿದ್ಯಾರ್ಥಿಗಳ ಗ್ರೂಪಿನಾಗ ಬಂದೈತ್ರಿ. ಸಹಾಯ ಮಾಡೂಣು ಅಂತ ಮಾತಾಡಾಕತ್ಯಾರ."

ಮರುದಿನ ಈ ಸಂಗತಿಯನ್ನು ಅಜ್ಜನಿಗೆ ನಗುತ್ತ ಹೇಳಿದೆ. ಅಜ್ಜ ನಗಲಿಲ್ಲ. ನಾನು ತುಳಿದ ಮಣ್ಣನ್ನು ಒಂದು ಹಿಡಿ ತೆಗೆದು ಹಿಚುಕಿ, ಅದರೊಳಗಿನ ಗಂಟುಗಳನ್ನು ಒಂದೊಂದಾಗಿ ಹೊರತೆಗೆದ.

"ಇಲ್ಲೂ ಇನ್ನ ನೌಕರಿ ಪಕ್ಕಾ ಆಗಿಲ್ಲ ಅಂತ ಹೇಳ್ರಿ ಅವರಿಗೆ."

ಒಂದೇ ಮುದ್ದೆ

ಕೊನೆಗೂ ತಿಗರಿಯ ಮುಂದೆ ಕೂರುವ ದಿನ ಬಂತು. ಅಜ್ಜನದು ಕೋಲಿನಿಂದ ತಿರುಗಿಸುವ ಹಳೆಯ ತಿಗರಿ. ಚಕ್ರದ ತೂತಿಗೆ ಕೋಲು ಇಟ್ಟು ಗರಗರ ತಿರುಗಿಸಿ, ಅದು ಓಡುವಷ್ಟು ಹೊತ್ತಿನಲ್ಲಿ ಗಡಿಗೆ ಎಬ್ಬಿಸಬೇಕು. ಅಜ್ಜ ಒಂದು ಮಾಡಿ ತೋರಿಸಿದ. ಮುದ್ದೆ ಅವನ ಕೈಯೊಳಗೆ ಹೇಳಿದ ಮಾತು ಕೇಳುತ್ತ ಎದ್ದು ನಿಂತಿತು. ಇದರಲ್ಲೇನಿದೆ ಎಂದುಕೊಂಡೆ. ಕೈ ಇಡುತ್ತಲೇ ನನ್ನ ಮುದ್ದೆ ತಿಗರಿ ಬಿಟ್ಟು ಹಾರಿ, ಗೋಡೆಗೆ ಬಡಿದು ಅಲ್ಲೇ ಅಂಟಿಕೊಂಡಿತು. ಅಜ್ಜನ ಹೆಂಡತಿ ಅಡಿಗೆ ಮನೆಯಿಂದ ಇಣುಕಿ, "ಸಗಣಿ ಕುಳ್ಳು ತಟ್ಟಾಕ ಹಿತ್ತಲದಾಗ ಜಾಗಾ ಐತ್ರಿ" ಎಂದಳು.

ಎರಡನೆಯ ಸಲ ಮುದ್ದೆ ನಿಂತಿತು. ಗಡಿಗೆಯ ಆಕಾರವೂ ಬಂತು. ಬಂತು ಎನ್ನುವಷ್ಟರಲ್ಲಿ ಅದರ ಕುತ್ತಿಗೆ ಹರಿದು ಬಿತ್ತು. "ಇರಲಿ, ಅಗಲ ಬಾಯಿಯ ಮಡಕೆ ಮಾಡುತ್ತೇನೆ" ಎಂದೆ. ಅದು ಸೊಟ್ಟಗಾಯಿತು. "ಹೋಗಲಿ, ಪರಾತ ಆಗಲಿ" ಎಂದೆ. ಪರಾತದ ಅಂಚು ಮಡಚಿಕೊಂಡು ತಾಟಾಯಿತು. ತಾಟಿನ ನಡುವೆ ಹೆಬ್ಬೆರಳು ತೂರಿತು. ಉಳಿದ ಚೂರನ್ನು ಕೈಯಲ್ಲಿ ಹಿಡಿದು ನೋಡಿದರೆ ಹಣತೆಯಷ್ಟಿತ್ತು. ಮೂಗಿನ ತನಕ ಮಣ್ಣು ಮೆತ್ತಿಕೊಂಡಿದ್ದ ನಾನು ಅದನ್ನೇ ಅಜ್ಜನ ಮುಂದೆ ಹಿಡಿದೆ.

ಅಜ್ಜ ಅದನ್ನು ಕಣ್ಣಿಗೆ ಒತ್ತಿಕೊಂಡು ಹೇಳಿದ, "ನಾನು ಒಂದು ಮುದ್ದಿಯಾಗ ಒಂದ ಮಾಡ್ತೀನ್ರಿ. ನೀವು ಇಡೀ ಸಂತೀನ ಮಾಡಿದ್ರಿ."

ಬಳಕೆಯ ಕಲೆ

ಇದರ ನಡುವೆ ಗದಗಿನಲ್ಲಿ ಒಂದು ವಿಚಾರ ಸಂಕಿರಣವಾಯಿತು. ನನ್ನ ಪ್ರಬಂಧದ ವಿಷಯ "ಬಳಕೆಯ ಕಲೆ". ಚಿತ್ರ ಗೋಡೆಯ ಮೇಲಿರುತ್ತದೆ, ಗಡಿಗೆ ಕೈಯಲ್ಲಿರುತ್ತದೆ, ಅದರ ಚೆಲುವು ಅದನ್ನು ಬಳಸುವುದರಲ್ಲಿದೆ ಎಂದು ಒಂದು ಗಂಟೆ ವಾದಿಸಿದೆ. ಅಜ್ಜನನ್ನೂ ವೇದಿಕೆಗೆ ಕರೆಸಿದ್ದೆವು. ಅವನು ಮಾಡಿದ ಒಂದು ನೀರಿನ ಗಡಿಗೆಯನ್ನು ಮೇಜಿನ ಮೇಲಿಟ್ಟು, ಸಂಘಟಕರು ಅದರಲ್ಲಿ ಪ್ಲಾಸ್ಟಿಕ್ ಹೂಗಳನ್ನು ಸಿಗಿಸಿದ್ದರು. ಮಾತಾಡಿ ಮಾತಾಡಿ ಗಂಟಲು ಒಣಗಿದಾಗಲೆಲ್ಲ ನಾನು ಎದುರಿಗಿದ್ದ ಪ್ಲಾಸ್ಟಿಕ್ ಬಾಟಲಿ ಎತ್ತಿ ಗಟಗಟ ಕುಡಿದೆ. ಜನ ನಗುತ್ತಿದ್ದರು. ನನ್ನ ಮಾತಿನ ಚಮತ್ಕಾರಕ್ಕೆ ಎಂದುಕೊಂಡು ಇನ್ನೂ ಎರಡು ಸಲ ಕುಡಿದೆ.

ಅಜ್ಜನ ಸರದಿ ಬಂತು. ಅವನು ಮೈಕಿನ ಹತ್ತಿರ ಹೋಗಲೇ ಇಲ್ಲ. ಹೂ ಕಿತ್ತು ಮೇಜಿನ ಮೇಲಿಟ್ಟ. ನನ್ನ ಮುಂದಿನ ಬಾಟಲಿ, ಅಧ್ಯಕ್ಷರ ಮುಂದಿನ ಬಾಟಲಿ, ಅತಿಥಿಗಳ ಬಾಟಲಿ ಎಲ್ಲವನ್ನೂ ತೆಗೆದುಕೊಂಡು ಗಡಿಗೆಗೆ ಸುರುವಿ, ಮೇಲೆ ತಾಟು ಮುಚ್ಚಿ, ಬಂದು ಕುಳಿತ. ನನ್ನ ಕಡೆ ಬಾಗಿ, "ಇನ್ನ ಒಂದು ತಾಸು ಬಿಟ್ಟು ಕುಡೀರಿ. ಅಲ್ಲೀ ತನಕ ಮಾತಾಡಬ್ಯಾಡ್ರಿ" ಎಂದ.

ಆ ದಿನದ ಅತ್ಯುತ್ತಮ ಪ್ರಬಂಧ ಯಾವುದು ಎಂದು ಯಾರನ್ನೂ ಕೇಳಬೇಕಾಗಲಿಲ್ಲ.

ಬೆವರುವ ಗಡಿಗೆ

ಎರಡು ತಿಂಗಳ ಒದ್ದಾಟದ ಮೇಲೆ ನನ್ನ ಮೊದಲ ಗಡಿಗೆ ಮಡಕೆ ಸುಡುವ ಆವಿಗೆಯಿಂದ ಒಡೆಯದೆ ಹೊರಬಂತು. ಮನೆಗೆ ತಂದು, ನೀರು ತುಂಬಿ, ಅಡಿಗೆ ಮನೆಯ ಮೂಲೆಯಲ್ಲಿಟ್ಟೆ. ಅರ್ಧ ಗಂಟೆಯಾಗಿರಬೇಕು, ಹೆಂಡತಿ ಕೂಗಿದಳು, "ರೀ, ನಿಮ್ಮ ಗಡಿಗಿ ಸೋರಾಕತ್ತೈತಿ."

ನಾನು ಹೋಗಿ ನೋಡಿ, ತರಗತಿಯ ಧ್ವನಿಯಲ್ಲಿಯೇ ವಿವರಿಸಿದೆ. ಮಣ್ಣಿನಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿರುತ್ತವೆ, ನೀರು ಅವುಗಳಿಂದ ಹೊರಬಂದು ಆವಿಯಾಗುತ್ತದೆ, ಅದಕ್ಕೇ ಒಳಗಿನ ನೀರು ತಣ್ಣಗಾಗುವುದು. "ಅದು ಸೋರಾಕತ್ತಿಲ್ಲ, ಬೆವರಾಕತ್ತೈತಿ" ಎಂದೆ.

ಅವಳು ಸೀರೆ ಎತ್ತಿಕಟ್ಟಿ ಪಕ್ಕಕ್ಕೆ ಸರಿದಳು. ಅಡಿಗೆ ಮನೆಯಿಂದ ಪಡಸಾಲೆಗೆ ನೀರು ಹರಿದು ಬರುತ್ತಿತ್ತು. "ಹಂಗಾದ್ರ ಭಾಳ ದುಡದೈತಿ ಪಾಪ. ಒರಸಾಕ ಬಟ್ಟಿ ತಗೊಂಡು ಬರ್ರಿ."

ತಪ್ಪು ಎಲ್ಲಾಗಿತ್ತೆಂದು ಅಜ್ಜ ತೋರಿಸಿದ. ತಿಗರಿಯಿಂದ ಇಳಿಸಿದಾಗ ಗಡಿಗೆಯ ಗೋಡೆ ದಪ್ಪ ಇರುತ್ತದೆ. ಅರೆ ಒಣಗಿದ ಮೇಲೆ ಒಳಗೊಂದು ಕಲ್ಲಿನ ಗುಂಡು ಹಿಡಿದು, ಹೊರಗಿನಿಂದ ಮರದ ಹಲಗೆಯಲ್ಲಿ ಹದವಾಗಿ ಬಡಿಯಬೇಕು. ಆಗ ಗೋಡೆ ತೆಳ್ಳಗಾಗಿ ಹೊಟ್ಟೆ ಉಬ್ಬುತ್ತದೆ. ನಾನು ಹುರುಪಿನಲ್ಲಿ ಒಂದೇ ಕಡೆ ಬಡಿದು ಕಾಗದದಷ್ಟು ತೆಳ್ಳಗೆ ಮಾಡಿದ್ದೆ. ಅಲ್ಲಿ ಬಿರುಕು ಬಿಟ್ಟಿತ್ತು.

ಆ ಗಡಿಗೆಯನ್ನು ಎಸೆಯಲು ಮನಸ್ಸಾಗಲಿಲ್ಲ. ನಾಲ್ಕು ದಿನ ಬಿಟ್ಟು ನೋಡಿದರೆ ಹೆಂಡತಿ ಅದರಲ್ಲಿ ಉಳ್ಳಾಗಡ್ಡಿ ತುಂಬಿದ್ದಳು. ನನಗೆ ಖುಷಿಯಾಯಿತು. ಕಡೆಗೂ ನಾನು ಮಾಡಿದ್ದೊಂದು ಮನೆಗೆ ಬಳಕೆಯಾಯಿತಲ್ಲ!

"ಚಲೋ ಆಗೇತ್ರಿ" ಎಂದಳು ಅವಳೂ. "ಬಿರುಕಿನಾಗಿಂದ ಚಲೋ ಗಾಳಿ ಆಡತೈತಿ. ಒಂದೂ ಕೊಳತಿಲ್ಲ."

ಐರಾಣಿ ಬಂತು

ಮದುವೆಗೆ ಒಂದೂವರೆ ತಿಂಗಳು ಉಳಿದಿತ್ತು. ಪಡಸಾಲೆಯಲ್ಲಿ ಹರಿದ ಆ ನೀರು ನನ್ನ ಕಣ್ಣಿಂದ ಹೋಗಲಿಲ್ಲ. ಐರಾಣಿಯ ಗಡಿಗೆ ಬೀಗರ ಎದುರಿಗೆ ಹಾಗೆ ಸೋರಿದರೆ? ಮಗಳ ಮುಖ ನೋಡುವುದು ಹೇಗೆ? ಒಂದೇ ನಿರ್ಧಾರ ಮಾಡಿದೆ. ಈ ಗಡಿಗೆ ಏನೇ ಆಗಲಿ, ಸೋರಬಾರದು.

ಒಂದು ಗಡಿಗೆಗೆ ಬೇಕಾದ್ದಕ್ಕಿಂತ ಮೂರು ಪಟ್ಟು ಮಣ್ಣು ತೆಗೆದುಕೊಂಡೆ. ತಿಗರಿಯ ಮೇಲೆ ಅದು ನಿಂತಿತು, ಕುತ್ತಿಗೆಯೂ ಬಂತು. ಅಷ್ಟು ದಪ್ಪ ಇದ್ದ ಮೇಲೆ ಬೀಳುವುದಾದರೂ ಹೇಗೆ? ಇನ್ನು ಬಡಿಯುವುದು. ಅಜ್ಜ ಹಲಗೆ, ಗುಂಡು ಕೊಟ್ಟು, "ಚಂದಾಗಿ ಬಡೀರಿ, ಗ್ವಾಡಿ ತೆಳ್ಳಗಾಗಲಿ" ಎಂದು ಹೇಳಿ ಲಕ್ಷ್ಮೇಶ್ವರದ ಸಂತೆಗೆ ಹೋದ. ನನಗೆ ಕೈ ಬರಲಿಲ್ಲ. ತೆಳ್ಳಗಾದದ್ದೇ ತಾನೇ ಸೋರಿದ್ದು? ಹಲಗೆಯಿಂದ ಬಡಿಯುವ ಬದಲು ಮಗುವಿನ ಬೆನ್ನು ತಟ್ಟಿದ ಹಾಗೆ ನಾಲ್ಕು ಸಲ ತಟ್ಟಿ ಇಟ್ಟುಬಿಟ್ಟೆ. ಸಂಜೆ ಅಜ್ಜ ಬಂದು "ಬಡದ್ರೇನು?" ಎಂದಾಗ "ಹೂಂ" ಎಂದೆ. ಇಪ್ಪತ್ತು ವರ್ಷ ಪರೀಕ್ಷೆಯಲ್ಲಿ ಹುಡುಗರ ಕಳ್ಳತನ ಹಿಡಿದವನು ನಾನು. ಆ ದಿನ ಅವರ ಕಷ್ಟ ನನಗೆ ಅರ್ಥವಾಯಿತು.

ಬೇರೆ ಗಡಿಗೆಗಳು ವಾರದಲ್ಲಿ ಒಣಗಿದವು. ನನ್ನದು ತಿಂಗಳು ತೆಗೆದುಕೊಂಡಿತು. ಆವಿಗೆಯಿಂದ ತೆಗೆದಾಗ ಒಂದು ಕೂದಲೆಳೆಯ ಬಿರುಕೂ ಇರಲಿಲ್ಲ. ಅಜ್ಜನ ಹೆಂಡತಿ ಅದನ್ನು ಎತ್ತಲು ಬಗ್ಗಿದವಳು ಹಾಗೇ ಮೇಲೆದ್ದು ನನ್ನನ್ನೇ ನೋಡಿದಳು. "ಬಡದಿಲ್ಲ ಇವರು" ಎಂದಳು. ಅಜ್ಜ ಬೆರಳಿನಿಂದ ತಟ್ಟಿ ನೋಡಿದ. ಬೇರೆ ಗಡಿಗೆಗಳು ಠಣ್ ಎಂದವು, ನನ್ನದು ಧಪ್ ಎಂದಿತು.

"ಸರ, ನಾನು ಐದನೇದೂ ಮಾಡಿ ಇಟ್ಟೀನಿ. ಅದನ್ನ ಒಯ್ಯಿರಿ" ಎಂದ ಅಜ್ಜ ಮೆಲ್ಲಗೆ.

"ಇಲ್ಲ ಅಜ್ಜಾ. ಮಗಳಿಗೆ ಮಾತು ಕೊಟ್ಟೀನಿ."

ಅಜ್ಜ ಅದಕ್ಕೂ ಸುಣ್ಣ ಬಳಿದು, ಉಳಿದ ನಾಲ್ಕಕ್ಕಿಂತ ಚಂದ ಚಿತ್ತಾರ ಬರೆದುಕೊಟ್ಟ. ಹೊರಗಿನಿಂದ ನೋಡಿದರೆ ಅದೇ ಎಲ್ಲಕ್ಕಿಂತ ದೊಡ್ಡದು.

ಐರಾಣಿ ತರುವ ದಿನ ಬೆಳಿಗ್ಗೆ ಹೆಣ್ಣುಮಕ್ಕಳೆಲ್ಲ ಕುಂಬಾರ ಓಣಿಯಲ್ಲಿ ನೆರೆದರು. ತಿಗರಿಗೆ ಪೂಜೆ ಆಯಿತು, ಆರತಿ ಆಯಿತು. ನಾಲ್ಕು ಗಡಿಗೆಗಳು ನಾಲ್ವರ ತಲೆ ಏರಿದವು. ನನ್ನದನ್ನು ಹೊರುವ ಗೌರವ ಶಿರಹಟ್ಟಿಯ ಅಕ್ಕನದು. ಇಬ್ಬರು ಹಿಡಿದು ಅವಳ ತಲೆಯ ಮೇಲಿನ ಬಟ್ಟೆಯ ಸಿಂಬಿಗೆ ಇಟ್ಟರು. ವಾದ್ಯ ಶುರುವಾಯಿತು. ಅಕ್ಕ ಹತ್ತು ಹೆಜ್ಜೆ ಹೋಗಿ ನಿಂತಳು.

"ಇದರಾಗ ಏನ ತುಂಬೀಯೋ ತಮ್ಮಾ?"

"ಏನೂ ಇಲ್ಲಕ್ಕಾ, ಖಾಲಿ ಐತಿ."

"ಖಾಲಿ ಗಡಿಗಿ ಕುತಗಿ ಮುರಿತೈತೇನೋ?"

ನೆಲಕ್ಕೆ ಇಡುವಂತಿಲ್ಲ. ಗಡಿಗೆ ಅಕ್ಕನ ತಲೆಯಿಂದ ನಾದಿನಿಯ ತಲೆಗೆ ಹೋಯಿತು. ನಾದಿನಿ ಒಂದು ವಿದ್ಯುತ್ ಕಂಬದಿಂದ ಇನ್ನೊಂದು ಕಂಬದ ತನಕ ಹೋದಳು. ಅಲ್ಲಿಂದ ಅತ್ತಿಗೆ, ಅಲ್ಲಿಂದ ಚಿಕ್ಕಮ್ಮ, ಅಲ್ಲಿಂದ ಮೆರವಣಿಗೆ ನೋಡಲು ಬಂದಿದ್ದ ಎದುರು ಮನೆಯವರು. ಎರಡನೆಯ ಓಣಿ ದಾಟುವಷ್ಟರಲ್ಲಿ ನಮ್ಮ ಮನೆತನದ ಹೆಣ್ಣುಮಕ್ಕಳೆಲ್ಲ ಮುಗಿದು, ಎಲ್ಲರೂ ಕುತ್ತಿಗೆ ಹಿಡಿದುಕೊಂಡು ನನ್ನ ಕಡೆ ನೋಡತೊಡಗಿದರು. ಹೆಂಡತಿ ಸಿಂಬಿಯನ್ನು ತೆಗೆದು ನನ್ನ ತಲೆಯ ಮೇಲೆ ಇಟ್ಟಳು.

ಗಂಡಸು ಐರಾಣಿ ಹೊತ್ತದ್ದನ್ನು ಬೆಟಗೇರಿಯವರು ಅಲ್ಲಿಯ ತನಕ ನೋಡಿರಲಿಲ್ಲ. ಹೊಸ ಧೋತರ, ರೇಷ್ಮೆ ಶಲ್ಯ, ತಲೆಯ ಮೇಲೆ ಗಡಿಗೆ. ಮುಂದೆ ವಾದ್ಯದವರು ಹುರುಪೇರಿ ಬಾರಿಸುತ್ತಿದ್ದರು. ಅಂಗಡಿಯವರು ಅಂಗಡಿ ಬಿಟ್ಟು ಬಂದರು. ಮಾಳಿಗೆಯ ಮೇಲೆ ಜನ, ಅವರ ಕೈಯಲ್ಲಿ ಮೊಬೈಲು. ಕಣ್ಣಿಗೆ ಬೆವರು ಇಳಿಯುತ್ತಿತ್ತು. ಒಡೆಯಬಾರದು, ಒಡೆಯಬಾರದು ಎಂದುಕೊಳ್ಳುತ್ತ ನಡೆದೆ. ಅದೊಂದು ಚಿಂತೆ ನನಗೆ ಬೇಕಿರಲಿಲ್ಲ. ಆ ಗಡಿಗೆ ಕೆಳಗೆ ಬಿದ್ದಿದ್ದರೆ ಒಡೆಯುತ್ತಿದ್ದದ್ದು ರಸ್ತೆ.

ಚಪ್ಪರದ ಬಾಗಿಲಲ್ಲಿ ಮಗಳು ಅರಿಶಿಣ ಹಚ್ಚಿಕೊಂಡು ನಿಂತಿದ್ದಳು. ನನ್ನನ್ನು ನೋಡಿ ಮೊದಲು ಬಾಯಿಗೆ ಕೈ ಅಡ್ಡ ಹಿಡಿದಳು. ಆಮೇಲೆ ತಡೆಯಲಾರದೆ ನಕ್ಕಳು, ನಗುತ್ತ ನಗುತ್ತಲೇ ಅತ್ತಳು. ನಾಳೆಯಿಂದ ಈ ನಗು ಮುಂಡರಗಿಯ ಮನೆಯಲ್ಲಿ ಕೇಳಿಸುತ್ತದೆ ಎಂಬುದು ಆ ಭಾರದ ಅಡಿಯಲ್ಲಿ ನಿಂತಾಗಲೇ ನನಗೆ ಸರಿಯಾಗಿ ತಿಳಿದದ್ದು.

ದೇವರ ಕೋಣೆಯಲ್ಲಿ ಮೂವರು ಸೇರಿ ಗಡಿಗೆ ಇಳಿಸಿದರು. ಬೀಗರು, ವರನ ಅಜ್ಜಿ ಎಲ್ಲರೂ ಸುತ್ತ ನಿಂತರು. ಇನ್ನು ನೀರು ತುಂಬುವುದು. ಮೊದಲ ನಾಲ್ಕಕ್ಕೆ ಒಂದೊಂದು ಕೊಡ ನೀರು ಹಿಡಿಯಿತು. ಅಕ್ಕ ಐದನೆಯ ಕೊಡ ಎತ್ತಿ ನನ್ನ ಗಡಿಗೆಗೆ ಸುರುವತೊಡಗಿದಳು. ಸುರುವಿದ್ದಳೋ ಇಲ್ಲವೋ, ನೀರು ನೆಲದ ತುಂಬ ಹರಿಯಿತು.

"ಸೋರಿತು!" ಎಂದು ಯಾರೋ ಕೂಗಿದರು. ಮಗಳ ಕಡೆ ನೋಡುವ ಧೈರ್ಯವಾಗದೆ ಅಲ್ಲಿಯೇ ಕುಕ್ಕರಗಾಲಿನಲ್ಲಿ ಕುಳಿತು, ಶಲ್ಯದಿಂದ ಗಡಿಗೆಯನ್ನು ಸುತ್ತಲೂ ಒರೆಸಿದೆ. ಬುಡ ಒಣಗಿತ್ತು. ಹೊಟ್ಟೆ ಒಣಗಿತ್ತು. ಒರೆಸಿದ ಮೇಲೆ ಒಂದು ಹನಿಯೂ ಮೂಡಲಿಲ್ಲ. ನೀರು ಬಂದದ್ದು ಬಾಯಿಯಿಂದ.

ಮುಂಡರಗಿ ಅಜ್ಜಿ ಮುಂದೆ ಬಂದು ಗಡಿಗೆಯೊಳಗೆ ಕೈ ಇಳಿಸಿದರು. ಮುಂಗೈ ಮುಳುಗುವಷ್ಟರಲ್ಲಿ ತಳ ಹತ್ತಿತು. "ಹೊರಗ ನೋಡಿದ್ರ ಹಂಡೆ ಆಗೇತಿ, ಒಳಗ ಒಂದು ತಂಬಿಗಿ ಹಿಡಿಯಂಗಿಲ್ಲ. ಪ್ರೊಫೆಸರ್ ಮಾಡ್ಯಾರ ಅನ್ನೋದು ಖರೆ ಐತಿ ನೋಡ್ರಿ" ಎಂದರು.

ನಕ್ಕರು, ಎಲ್ಲರೂ ನಕ್ಕರು, ಬೀಗರು ಕಂಬ ಹಿಡಿದು ನಕ್ಕರು. ನನಗೆ ಅದ್ಯಾವುದೂ ಲೆಕ್ಕಕ್ಕಿರಲಿಲ್ಲ. ಎದ್ದು ನಿಂತು, ತೋಯ್ದ ಶಲ್ಯವನ್ನೇ ಮೇಲೆತ್ತಿ ಕೂಗಿದೆ, "ನಗ್ರಿ, ಬೇಕಾದಷ್ಟು ನಗ್ರಿ! ಆದ್ರ ಒಂದು ಹನಿ ಸೋರಿಲ್ಲ, ನೋಡ್ರಿ! ಒಂದು ಹನಿ!"

ಅಕ್ಕ ಒಂದು ಕೈಯಲ್ಲಿ ಇನ್ನೂ ಮುಕ್ಕಾಲು ತುಂಬಿಯೇ ಇದ್ದ ಕೊಡ, ಇನ್ನೊಂದು ಕೈಯಲ್ಲಿ ತನ್ನ ಕುತ್ತಿಗೆ ಹಿಡಿದುಕೊಂಡು ಹೇಳಿದಳು:

"ಸೋರಾಕರ ಒಳಗ ನೀರ ಇರಬೇಕಲ್ಲೋ ತಮ್ಮಾ."